ಬ್ಯಾಂಕಾಕಿನಲ್ಲಿ ಕಡಿಮೆ ಖರ್ಚಿನ ವಾಸ: ಯಾರಿಗೆ ಯಾವ ಕಡೆ ಸರಿ?

ಬ್ಯಾಂಕಾಕಿಗೆ ಅಗ್ಗದ ವಿಮಾನ ಟಿಕೆಟ್ ಸಿಕ್ಕಿದ ಮೇಲೆ ಬಹಳ ಮಂದಿ ಗೊಂದಲಕ್ಕೆ ಬೀಳುವುದು ಒಂದೇ ಪ್ರಶ್ನೆಯಲ್ಲಿ: ಉಳಿದುಕೊಳ್ಳುವುದು ಎಲ್ಲಿ? ಖಾವೋ ಸಾನ್ ರಸ್ತೆಯಲ್ಲೋ, ಚೈನಾಟೌನಿನಲ್ಲೋ, ಭಾರತೀಯರು ಹೆಚ್ಚಾಗಿ ಇಳಿಯುವ ಪ್ರತುನಾಮಿನಲ್ಲೋ, ಸಿಲೋಮಿನಲ್ಲೋ, ಸುಖುಮ್ವಿತ್‌ನಲ್ಲೋ? ಬುಕಿಂಗ್ ಆ್ಯಪ್ ತೆರೆದರೆ ಎಲ್ಲ ಕಡೆಯೂ ಐನೂರು ಬಾತಿನ ಕೊಠಡಿ ಕಾಣಿಸುತ್ತದೆ, ಎಲ್ಲದರ ಚಿತ್ರವೂ ಚೆನ್ನಾಗಿರುತ್ತದೆ. ಹಾಗಾಗಿ ಬಾಡಿಗೆ ಕಡಿಮೆ ಇರುವುದನ್ನೇ ಒತ್ತಿಬಿಡುತ್ತಾರೆ.

ನನ್ನ ಮಾತು ಇಷ್ಟೇ: ಬಾಡಿಗೆಯೊಂದನ್ನೇ ನೋಡಬೇಡಿ. ಬಾಡಿಗೆಗೆ ದಿನದ ಓಡಾಟದ ಖರ್ಚನ್ನು ಕೂಡಿಸಿ, ಆಮೇಲೆ ಹೋಲಿಸಿ. ಬ್ಯಾಂಕಾಕ್ ಬಹಳ ಹರಡಿಕೊಂಡ ನಗರ. ನೋಡಬೇಕಾದ ಹಳೆಯ ದೇವಾಲಯಗಳೆಲ್ಲ ಪಶ್ಚಿಮದಲ್ಲಿ ಚಾವೊ ಫ್ರಾಯಾ ನದಿಯ ದಡದಲ್ಲಿವೆ. ಮಾಲ್‌ಗಳು, ಕಂಬಗಳ ಮೇಲೆ ಓಡುವ ಸ್ಕೈಟ್ರೈನು, ಹೊಸ ಹೋಟೆಲುಗಳು ಪೂರ್ವಕ್ಕಿವೆ. ನಡುವಿನ ರಸ್ತೆಗಳಲ್ಲಿ ಸಂಜೆ ವಾಹನಗಳು ಅಲುಗಾಡುವುದಿಲ್ಲ. ರಾತ್ರಿಗೆ ಇನ್ನೂರು ಬಾತ್ ಉಳಿಸಿಕೊಟ್ಟ ಕೊಠಡಿ ಅದೇ ದಿನ ಟ್ಯಾಕ್ಸಿಗೆ ಮುನ್ನೂರು ಬಾತ್ ಕಕ್ಕಿಸಬಹುದು.

ಒಂದು ಬಾತ್ ಎಂದರೆ ಇತ್ತೀಚಿನ ವರ್ಷಗಳಲ್ಲಿ ಎರಡೂವರೆ ರೂಪಾಯಿಯಿಂದ ಮೂರು ರೂಪಾಯಿಯ ನಡುವೆ ಆಡುತ್ತಿದೆ. ಲೆಕ್ಕಕ್ಕೆ ಮೂರನ್ನೇ ಹಿಡಿಯಿರಿ. ಉಳಿದರೆ ಲಾಭ.

ಮೊದಲು ಅಳತೆಗೋಲು

ಯಾವ ಪ್ರದೇಶವನ್ನೇ ಆಗಲಿ, ನಾನು ಐದು ಪ್ರಶ್ನೆ ಹಾಕಿ ತೂಗುತ್ತೇನೆ. ಕೊಠಡಿಯಿಂದ ಹತ್ತು ನಿಮಿಷ ನಡೆದರೆ ಮೆಟ್ರೋ, ಸ್ಕೈಟ್ರೈನ್ ಅಥವಾ ದೋಣಿಯ ಕಟ್ಟೆ ಸಿಗುತ್ತದೆಯೇ? ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಇಲ್ಲದೆ ಬರಬಹುದೇ? ಸಸ್ಯಾಹಾರಿಗೆ ಊಟ ಸುಲಭವೇ? ರಾತ್ರಿ ನಿದ್ದೆ ಬರುತ್ತದೆಯೇ? ಕೊನೆಯದಾಗಿ, ಜೊತೆಯಲ್ಲಿ ಯಾರಿದ್ದಾರೆ?

ಊಟದ ಪ್ರಶ್ನೆ ಎಲ್ಲರಿಗೂ ಒಂದೇ ತೂಕದ್ದಲ್ಲ. ಮೀನು, ಕೋಳಿ ತಿನ್ನುವವರಿಗೆ ಬ್ಯಾಂಕಾಕ್ ಪೂರಾ ತೆರೆದ ಅಡುಗೆಮನೆ. ಐವತ್ತರಿಂದ ಎಂಬತ್ತು ಬಾತಿಗೆ ಬೀದಿ ಬದಿಯಲ್ಲೇ ಒಳ್ಳೆಯ ಊಟವಾಗುತ್ತದೆ. ಶುದ್ಧ ಸಸ್ಯಾಹಾರಿಗಳ ಕಷ್ಟ ಬೇರೆ. ಬರೀ ತರಕಾರಿ ಹುರಿದಂತೆ ಕಾಣುವ ತಟ್ಟೆಯಲ್ಲೂ ಮೀನಿನ ರಸ ಅಥವಾ ಸಿಂಪಿಯ ಸಾಸ್ ಬಿದ್ದಿರುತ್ತದೆ. ಬಹಳಷ್ಟು ಮೇಲೋಗರಗಳ ಮಸಾಲೆಯಲ್ಲಿ ಸಿಗಡಿಯ ಪೇಸ್ಟ್ ಸೇರಿರುತ್ತದೆ. ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರದ ಸಣ್ಣ ಧ್ವಜ ಕಟ್ಟಿದ ಅಂಗಡಿ ಕಂಡರೆ ಒಳಗೆ ಹೋಗಿ. ಅದು ‘ಜೇ’ ಅಡುಗೆಯ ಗುರುತು. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇರುವುದಿಲ್ಲ. ಭಾರತೀಯ ಹೋಟೆಲಿನಲ್ಲಿ ಒಂದು ಥಾಲಿಗೆ ನೂರೈವತ್ತು, ಇನ್ನೂರು ಬಾತ್ ಕೊಡುವ ಬದಲು ‘ಜೇ’ ಅಂಗಡಿ ಹುಡುಕಿಕೊಂಡರೆ ಅರ್ಧ ಹಣದಲ್ಲಿ ಹೊಟ್ಟೆ ತುಂಬುತ್ತದೆ. ಮೂರು ದಿನದಲ್ಲಿ ಇಬ್ಬರಿಗೆ ಉಳಿಯುವ ಹಣ ಸಣ್ಣದಲ್ಲ.

ಖಾವೋ ಸಾನ್ ಮತ್ತು ಬಾಂಗ್ಲಂಫೂ

ಬೆನ್ನಿಗೆ ಚೀಲ ಹಾಕಿಕೊಂಡು ತಿರುಗುವವರ ಹೆಸರಾಂತ ತಾಣ ಇದು. ಸಾಮೂಹಿಕ ಕೊಠಡಿಯಲ್ಲಿ ಒಂದು ಹಾಸಿಗೆ 250ರಿಂದ 400 ಬಾತಿಗೆ, ಫ್ಯಾನ್ ಇರುವ ಪುಟ್ಟ ಜೋಡಿ ಕೊಠಡಿ 500ರ ಆಸುಪಾಸಿಗೆ ಇನ್ನೂ ಸಿಗುತ್ತವೆ. ಅರಮನೆ, ವಾಟ್ ಫೋ (ವಾಟ್ ಎಂದರೆ ದೇವಾಲಯ), ರಾಷ್ಟ್ರೀಯ ವಸ್ತುಸಂಗ್ರಹಾಲಯ, ದೈತ್ಯ ಉಯ್ಯಾಲೆ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಫ್ರಾ ಆಥಿತ್ ಕಟ್ಟೆಯಿಂದ ಕಿತ್ತಳೆ ಧ್ವಜದ ದೋಣಿ ಹತ್ತಿದರೆ ಸುಮಾರು 16 ಬಾತಿಗೆ ನದಿಯುದ್ದಕ್ಕೂ ಎಲ್ಲಿ ಬೇಕಾದರೂ ಇಳಿಯಬಹುದು. ಪ್ರವಾಸಿಗರಿಗೆಂದೇ ಬೇರೆ ದೋಣಿಗಳಿವೆ, ಅವುಗಳ ದಿನದ ಪಾಸ್ ಮಾರುವವರು ಕಟ್ಟೆಯಲ್ಲೇ ನಿಂತಿರುತ್ತಾರೆ. ದಿನಕ್ಕೆ ಎರಡು ಮೂರು ಬಾರಿ ಮಾತ್ರ ಹತ್ತಿ ಇಳಿಯುವವರಿಗೆ ಆ ಪಾಸಿನಿಂದ ನಷ್ಟವೇ.

ಇದರ ದೊಡ್ಡ ಕೊರತೆ ಮೆಟ್ರೋ ಇಲ್ಲದಿರುವುದು. ಹಗಲಿನಲ್ಲಿ ಅದು ತೊಂದರೆಯಾಗಿ ಕಾಣುವುದಿಲ್ಲ. ನದಿಯ ದೋಣಿ ಇದೆ, ಸ್ವಲ್ಪ ನಡೆದರೆ ಪನ್‌ಫಾ ಕಟ್ಟೆಯಿಂದ ಸೇನ್ ಸೇಪ್ ಕಾಲುವೆಯ ದೋಣಿ ಇಪ್ಪತ್ತು ಬಾತಿನೊಳಗೆ ಪ್ರತುನಾಮಿನವರೆಗೆ ಒಯ್ಯುತ್ತದೆ. ಕಾಲುವೆಯ ನೀರು ನಾರುತ್ತದೆ, ಹನಿ ಮುಖಕ್ಕೆ ಸಿಡಿಯುತ್ತದೆ. ಆದರೂ ರಸ್ತೆಯಲ್ಲಿ ಒಂದು ಗಂಟೆ ಹಿಡಿಯುವ ದಾರಿಯನ್ನು ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಸುವ ಆ ದೋಣಿ ನನಗೆ ಈ ಊರಿನ ಅತ್ಯುತ್ತಮ ಸವಾರಿ. ತೊಡಕೆಂದರೆ ಸಂಜೆಯಾಗುತ್ತಿದ್ದಂತೆ ಎರಡೂ ದೋಣಿಗಳ ಓಡಾಟ ಮುಗಿಯುತ್ತದೆ. ರಾತ್ರಿ ಒಂಬತ್ತಕ್ಕೆ ಮಾಲ್‌ಗಳಿರುವ ಸಿಯಾಮ್ ಕಡೆಯಿಂದ ಮರಳಬೇಕೆಂದರೆ ಬಸ್ಸು ಹುಡುಕಬೇಕು ಅಥವಾ ಕ್ಯಾಬ್ ಕರೆಯಬೇಕು.

ನಿದ್ದೆಯ ಮಾತು: ಖಾವೋ ಸಾನ್ ರಸ್ತೆಯ ಮೇಲೆಯೇ ಕೊಠಡಿ ಹಿಡಿಯುವುದು ಬೇಡವೇ ಬೇಡ. ನಡುರಾತ್ರಿ ದಾಟಿದರೂ ಸಂಗೀತದ ಅಬ್ಬರ ನಿಲ್ಲುವುದಿಲ್ಲ. ಪಕ್ಕದ ರಾಂಬುತ್ರಿ ಗಲ್ಲಿ ಸ್ವಲ್ಪ ವಾಸಿ. ಕಾಲುವೆ ದಾಟಿ ಉತ್ತರಕ್ಕೆ ಸಾಮ್ ಸೇನ್ ಗಲ್ಲಿಗಳಿಗೆ ಹೋದರೆ ಬೆಲೆ ಹಾಗೆಯೇ ಕಡಿಮೆ ಇದ್ದು, ಬೆಳಿಗ್ಗೆ ಹಕ್ಕಿಯ ದನಿ ಕೇಳುವಷ್ಟು ನೆಮ್ಮದಿ ಸಿಗುತ್ತದೆ. ಈ ಭಾಗವನ್ನು ಆರಿಸುವವರಿಗೆ ನನ್ನ ಸಲಹೆ ಸಾಮ್ ಸೇನ್.

ಯಾವೊರಾಟ್ ಮತ್ತು ಪಾಹುರಾತ್

ಚೈನಾಟೌನ್ ಎಂದರೆ ಯಾವೊರಾಟ್ ರಸ್ತೆ. ಅದರ ಪಶ್ಚಿಮದ ತುದಿಗೆ ಅಂಟಿಕೊಂಡಿರುವುದು ಪಾಹುರಾತ್, ಬ್ಯಾಂಕಾಕಿನ ಪುಟ್ಟ ಭಾರತ. ಹತ್ತು ವರ್ಷದ ಹಿಂದೆ ಇಲ್ಲಿ ಉಳಿಯಿರಿ ಎಂದು ಯಾರಿಗೂ ಹೇಳುತ್ತಿರಲಿಲ್ಲ, ಬರುವುದೂ ಹೋಗುವುದೂ ಕಷ್ಟವಾಗಿತ್ತು. 2019ರಲ್ಲಿ ಮೆಟ್ರೋದ ನೀಲಿ ಮಾರ್ಗ ಹುವಾ ಲಂಫೋಂಗ್‌ನಿಂದ ಮುಂದೆ ವಿಸ್ತರಣೆಯಾಗಿ ವಾಟ್ ಮಂಗ್ಕೋನ್, ಸಾಮ್ ಯೋಟ್, ಸನಾಮ್ ಚಾಯ್ ನಿಲ್ದಾಣಗಳು ತೆರೆದುಕೊಂಡವು. ಅಂದಿನಿಂದ ಕಡಿಮೆ ಬಜೆಟ್ಟಿನವರ ಲೆಕ್ಕವೇ ಬದಲಾಗಿದೆ. ಹಳೆಯ ಮಾರ್ಗದರ್ಶಿಗಳನ್ನು ಓದಿ ಹೊರಡುವವರು ಇದನ್ನು ಗಮನಿಸುವುದಿಲ್ಲ.

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿದವರು ಏರ್‌ಪೋರ್ಟ್ ರೈಲಿನಲ್ಲಿ ಮಕ್ಕಸಾನ್‌ವರೆಗೆ ಬಂದು, ಮೇಲ್ಸೇತುವೆ ದಾಟಿ ಫೆಚ್ಚಬುರಿ ಮೆಟ್ರೋ ನಿಲ್ದಾಣ ಸೇರಿದರೆ, ಅಲ್ಲಿಂದ ಒಂದೇ ರೈಲು ಯಾವೊರಾಟಿಗೆ ತರುತ್ತದೆ. ಒಟ್ಟು ಖರ್ಚು ನೂರು ಬಾತಿನೊಳಗೆ ಮುಗಿಯುತ್ತದೆ. ಊರಿನ ಇನ್ನೊಂದು ವಿಮಾನ ನಿಲ್ದಾಣ ಡಾನ್ ಮುವಾಂಗ್‌ನಲ್ಲಿ ಇಳಿದವರು ಕೆಂಪು ಮಾರ್ಗದ ರೈಲು ಹಿಡಿದು ಬಾಂಗ್ ಸೂ ಬಳಿ ನೀಲಿ ಮಾರ್ಗಕ್ಕೆ ಬದಲಾಯಿಸಿಕೊಂಡರಾಯಿತು. ಸಾಮ್ ಯೋಟ್‌ನಿಂದ ಒಂದೇ ನಿಲ್ದಾಣ ಮುಂದೆ ಸನಾಮ್ ಚಾಯ್, ಅಲ್ಲಿ ಹೊರಬಂದರೆ ವಾಟ್ ಫೋ ಐದಾರು ನಿಮಿಷದ ನಡಿಗೆ. ಎದುರು ದಿಕ್ಕಿನಲ್ಲಿ ಅದೇ ರೈಲು ಸಿಲೋಮಿಗೂ ಸುಖುಮ್ವಿತ್‌ಗೂ ಚತುಚಕ್ ವಾರಾಂತ್ಯದ ಸಂತೆಗೂ ಹೋಗುತ್ತದೆ. ಹಳೆಯ ನಗರಕ್ಕೂ ಹೊಸ ನಗರಕ್ಕೂ ಟ್ಯಾಕ್ಸಿಯ ಹಂಗಿಲ್ಲದೆ ತಲುಪಿಸುವ ಜಾಗ ಬಜೆಟ್ ಪ್ರವಾಸಿಗೆ ಇದೊಂದೇ ಎಂದು ನನ್ನ ಖಚಿತ ಅಭಿಪ್ರಾಯ.

ಊಟದ ವಿಷಯದಲ್ಲೂ ಇದು ಮೇಲು. ಮಾಂಸಾಹಾರಿಗಳಿಗೆ ಸಂಜೆ ಆರರ ನಂತರ ಯಾವೊರಾಟ್ ರಸ್ತೆಯ ಎರಡೂ ಬದಿ ಅಂಗಡಿಗಳು ಹೊತ್ತಿಕೊಳ್ಳುತ್ತವೆ. ಸಸ್ಯಾಹಾರಿಗಳಿಗೆ ಪಾಹುರಾತ್ ಇದೆ. ಚಿಕ್ಕಪೇಟೆಯ ಹಾಗೆ ಬಟ್ಟೆಯ ಥಾನುಗಳ ನಡುವೆ ಓಣಿಯೊಳಗೆ ಓಣಿ, ಅಲ್ಲಲ್ಲಿ ಸಮೋಸ, ಚಹಾ, ರೊಟ್ಟಿ ಪಲ್ಯ. ಚಿನ್ನದ ಗುಮ್ಮಟದ ಗುರುದ್ವಾರದಲ್ಲಿ ಬೆಳಗಿನ ಹೊತ್ತು ಲಂಗರ್ ನಡೆಯುತ್ತದೆ, ಯಾರು ಬಂದರೂ ಊಟ ಬಡಿಸುತ್ತಾರೆ. ತಲೆಗೆ ಬಟ್ಟೆ ಕಟ್ಟಿಕೊಂಡು, ಚಪ್ಪಲಿ ಬಿಟ್ಟು, ನೆಲದ ಮೇಲೆ ಕುಳಿತು ಊಟ ಮಾಡಿ. ಅದನ್ನು ಉಚಿತ ಹೋಟೆಲಿನಂತೆ ದಿನವೂ ಬಳಸಿಕೊಳ್ಳುವುದು ಸರಿಯಲ್ಲ. ಹೋದ ದಿನ ಕೈಲಾದಷ್ಟು ಕಾಣಿಕೆ ಹಾಕಿ, ಪಾತ್ರೆ ತೊಳೆಯಲು ನಿಂತರೆ ಇನ್ನೂ ಒಳ್ಳೆಯದು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನ ನಡುವೆ ಚೀನೀ ಪಂಚಾಂಗದ ಪ್ರಕಾರ ಒಂಬತ್ತು ದಿನದ ಸಸ್ಯಾಹಾರ ಹಬ್ಬ ಬರುತ್ತದೆ. ಆಗ ಯಾವೊರಾಟ್ ಪೂರ್ತಿ ಹಳದಿ ಧ್ವಜಗಳಿಂದ ತುಂಬುತ್ತದೆ. ಸಸ್ಯಾಹಾರಿ ಪ್ರವಾಸಿಗೆ ಬ್ಯಾಂಕಾಕಿನಲ್ಲಿ ಅದಕ್ಕಿಂತ ಒಳ್ಳೆಯ ವಾರವಿಲ್ಲ. ಮಳೆಗಾಲದ ಕೊನೆಯಾದ್ದರಿಂದ ಕೊಡೆ ಮಾತ್ರ ಜೊತೆಯಲ್ಲಿರಲಿ.

ಕೊಠಡಿಯ ಬೆಲೆ ಖಾವೋ ಸಾನ್‌ಗಿಂತ ತುಸು ಹೆಚ್ಚು. ಹಾಸಿಗೆಗೆ 350ರಿಂದ 500, ಎಸಿ ಇರುವ ಜೋಡಿ ಕೊಠಡಿಗೆ 800ರಿಂದ 1,200 ಬಾತ್. ಹಳೆಯ ಕಟ್ಟಡಗಳಾದ್ದರಿಂದ ಕಿಟಕಿ ಇಲ್ಲದ ಕೊಠಡಿಗಳು ಬಹಳ. ಬುಕ್ ಮಾಡುವಾಗ ಕಿಟಕಿ ಇದೆಯೇ ಎಂದು ಓದಿ ನೋಡಿ. ಲಿಫ್ಟ್ ಇಲ್ಲದ ನಾಲ್ಕನೇ ಮಹಡಿಯೂ ಸಿಗಬಹುದು. ಪಾದಚಾರಿ ಮಾರ್ಗದ ಮೇಲೆಲ್ಲ ಅಂಗಡಿಗಳಿರುವುದರಿಂದ ಗಾಲಿಯ ಸೂಟ್‌ಕೇಸ್ ಎಳೆಯುವುದು ಕಷ್ಟ, ಚಿಕ್ಕ ಮಗುವಿನ ಗಾಡಿ ತಳ್ಳುವುದಂತೂ ಸಾಧ್ಯವೇ ಇಲ್ಲ.

ಪ್ರತುನಾಮ್

ಭಾರತದ ಗುಂಪು ಪ್ರವಾಸಗಳು ಬಂದಿಳಿಯುವುದು ಹೆಚ್ಚಾಗಿ ಇಲ್ಲೇ. ಕಾರಣ ಸ್ಪಷ್ಟ: ಸಗಟು ಬಟ್ಟೆಯ ಮಾರುಕಟ್ಟೆ, ಹೆಜ್ಜೆಗೊಂದು ಭಾರತೀಯ ಹೋಟೆಲು, ಏರ್‌ಪೋರ್ಟ್ ರೈಲಿನ ರಾಚಪ್ರಾರೋಪ್ ನಿಲ್ದಾಣ ಹತ್ತಿರ. ಸುವರ್ಣಭೂಮಿಯಿಂದ ಬದಲಾವಣೆಯೇ ಇಲ್ಲದೆ ನಲವತ್ತು ಬಾತಿನ ಆಸುಪಾಸಿಗೆ ಅರ್ಧ ಗಂಟೆಯೊಳಗೆ ಬಂದುಬಿಡಬಹುದು. ಸಿಯಾಮಿನ ಮಾಲ್‌ಗಳಿಗೂ ಎರವಾನ್ ಬ್ರಹ್ಮನ ಗುಡಿಗೂ ನಡೆದೇ ಹೋಗಬಹುದು.

ವಯಸ್ಸಾದ ತಂದೆ ತಾಯಿಯೊಡನೆ ಹೊರಟವರು, ಮಕ್ಕಳಿಗೆ ಹೊತ್ತುಹೊತ್ತಿಗೆ ಅನ್ನ ಮೊಸರು ಬೇಕೇ ಬೇಕು ಎನ್ನುವವರು ಪ್ರತುನಾಮನ್ನು ಆರಿಸಿದರೆ ನಾನು ತಪ್ಪೆನ್ನುವುದಿಲ್ಲ. ಎಸಿ, ಲಿಫ್ಟ್, ಕಿಟಕಿ ಮೂರೂ ಇರುವ ಕೊಠಡಿ 1,000ದಿಂದ 1,500 ಬಾತಿಗೆ ಸಿಗುತ್ತದೆ. ಆದರೆ ಇಲ್ಲಿಯ ಭಾರತೀಯ ಊಟ ಬಜೆಟ್ಟನ್ನು ನಿಧಾನವಾಗಿ ತಿನ್ನುತ್ತದೆ. ನಾಲ್ಕು ಜನರ ಕುಟುಂಬ ಎರಡು ಹೊತ್ತು ಅಲ್ಲೇ ಉಂಡರೆ ದಿನಕ್ಕೆ 1,200 ಬಾತ್ ಮೀರುತ್ತದೆ, ಅಂದರೆ ಇನ್ನೊಂದು ಕೊಠಡಿಯ ಬಾಡಿಗೆ. ಒಂದು ಹೊತ್ತಾದರೂ ಮಾಲ್‌ಗಳ ಫುಡ್‌ಕೋರ್ಟಿನ ಸಸ್ಯಾಹಾರಿ ಅಂಗಡಿಗಳ ಕಡೆ ತಿರುಗಿ. ಊಟದ ಬೆಲೆಯಲ್ಲಿ ಅವು ಬೀದಿ ಅಂಗಡಿಗಿಂತ ಹೆಚ್ಚೇನೂ ದುಬಾರಿಯಲ್ಲ, ತಣ್ಣಗೆ ಕುಳಿತು ತಿನ್ನಬಹುದು.

ಸಿಲೋಮ್

ಇದನ್ನು ಬಜೆಟ್ ಪಟ್ಟಿಯಲ್ಲಿ ಬಹಳ ಜನ ಸೇರಿಸುವುದೇ ಇಲ್ಲ, ಸೇರಿಸಬೇಕು. ಹಗಲಲ್ಲಿ ಕಚೇರಿಗಳ ಪ್ರದೇಶ, ಆದ್ದರಿಂದ ಮಧ್ಯಾಹ್ನ ನೌಕರರಿಗಾಗಿ ತೆರೆಯುವ ಊಟದ ಅಂಗಡಿಗಳು ಅಗ್ಗ ಮತ್ತು ತಾಜಾ. ಪಾನ್ ರಸ್ತೆಯ ಮೂಲೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ತಮಿಳರು ಕಟ್ಟಿದ ಮಹಾಮಾರಿಯಮ್ಮನ ಗುಡಿ ಇದೆ. ಅದರ ಸುತ್ತ ಇಡ್ಲಿ ದೋಸೆಯ ಹೋಟೆಲುಗಳು ಸಿಗುತ್ತವೆ. ನವರಾತ್ರಿಯ ಕೊನೆಯಲ್ಲಿ ಇಲ್ಲಿಂದ ಹೊರಡುವ ಮೆರವಣಿಗೆಗೆ ರಸ್ತೆಯನ್ನೇ ಮುಚ್ಚುತ್ತಾರೆ, ಭಾರತೀಯರಿಗಿಂತ ಥಾಯ್ ಭಕ್ತರೇ ಹೆಚ್ಚು. ಸ್ಕೈಟ್ರೈನ್ ಹತ್ತಿರ, ಸಾಥೋನ್ ದೋಣಿಕಟ್ಟೆ ಹತ್ತಿರ, ಲುಂಫಿನಿ ಉದ್ಯಾನವೂ ಹತ್ತಿರ. ಹಾಸಿಗೆ 350ರಿಂದ 550, ಕೊಠಡಿ ಸಾವಿರದ ಮೇಲೆ. ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ ನಾನು ಸೂಚಿಸುವ ಜಾಗ ಗುಡಿಯ ಸುತ್ತಲಿನ ಈ ಭಾಗ. ರಾತ್ರಿ ದೀಪವಿರುತ್ತದೆ, ಜನವಿರುತ್ತಾರೆ, ನಿಲ್ದಾಣದಿಂದ ದೂರ ನಡೆಯಬೇಕಾಗಿಲ್ಲ. ಸಾಲಾ ಡೇಂಗ್ ಕಡೆಯ ಪಟ್‌ಪೋಂಗ್ ಗಲ್ಲಿಗಳು ಮಾತ್ರ ರಾತ್ರಿ ಬದುಕಿನವು, ಅದಕ್ಕೆ ತಾಗಿಕೊಂಡ ಕೊಠಡಿ ಬೇಡ.

ಸುಖುಮ್ವಿತ್ ಮತ್ತು ಓನ್ ನುಟ್

ನಾನಾ, ಅಸೋಕ್ ನಿಲ್ದಾಣಗಳ ಸುತ್ತ ಅದೇ ಗುಣಮಟ್ಟದ ಕೊಠಡಿಗೆ ಹೆಚ್ಚು ಕೊಡಬೇಕು, ಕುಟುಂಬಕ್ಕೆ ಮುಜುಗರವಾಗುವ ಬೀದಿಗಳೂ ಅಲ್ಲೇ ಇವೆ. ಬಿಗಿ ಬಜೆಟ್ಟಿಗೆ ಅದು ಹೊಂದುವುದಿಲ್ಲ. ಅದೇ ಸ್ಕೈಟ್ರೈನ್ ಮಾರ್ಗದಲ್ಲಿ ದೂರ ಹೋದರೆ ಓನ್ ನುಟ್. ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ ಇರುವ ಪುಟ್ಟ ಮನೆಗಳು ವಾರದ ಬಾಡಿಗೆಗೆ ಸಿಗುತ್ತವೆ, ಎದುರಿಗೇ ಸೂಪರ್ ಮಾರ್ಕೆಟ್. ಹತ್ತು ದಿನ, ಒಂದು ತಿಂಗಳು ಇದ್ದು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ, ಕುಕ್ಕರಿನಲ್ಲಿ ಅನ್ನ ಮಾಡಿಕೊಳ್ಳುವವರಿಗೆ ಒಳ್ಳೆಯದು. ನಾಲ್ಕು ದಿನ ಊರು ನೋಡಲು ಬಂದವರಿಗೆ ಅಲ್ಲ: ಸಿಯಾಮಿಗೆ ಹೋಗಿ ಬರಲು ತಲೆಗೆ ನೂರು ಬಾತಿನ ಹತ್ತಿರ, ಹಳೆಯ ನಗರ ಅಲ್ಲಿಂದ ಇನ್ನೂ ಆಚೆ.

ಎಲ್ಲಿ ಉಳಿದರೂ ತಪ್ಪದ ಖರ್ಚು

ಬಾಡಿಗೆಯಲ್ಲಿ ನೂರು ಬಾತಿಗೆ ಜಗ್ಗಾಡುವವರು ಪ್ರವೇಶ ಶುಲ್ಕವನ್ನು ಮರೆಯುತ್ತಾರೆ. ವಿದೇಶಿಯರಿಗೆ ಅರಮನೆಗೆ 500, ವಾಟ್ ಫೋಗೆ 300, ವಾಟ್ ಅರುಣ್‌ಗೆ 200 ಬಾತ್. ಮೂರಕ್ಕೂ ಸೇರಿ ತಲೆಗೆ ಸಾವಿರ, ಅಂದರೆ ಎರಡು ಮೂರು ರಾತ್ರಿಯ ಹಾಸಿಗೆಯ ಹಣ. ಕೈ ಬಿಗಿಯಿದ್ದರೆ ಅರಮನೆಯೊಂದನ್ನೇ ನೋಡಿ. ಅದರೊಳಗಿನ ವಾಟ್ ಫ್ರಾ ಕೇವ್ ಪ್ರಾಕಾರದ ಗೋಡೆಯ ಮೇಲೆ 178 ಚಿತ್ರಗಳಲ್ಲಿ ಥಾಯ್ ರಾಮಾಯಣವಾದ ರಾಮಕಿಯೆನ್ ಪೂರ್ತಿ ಹರಡಿಕೊಂಡಿದೆ. ರಾಮಾಯಣ ಕೇಳಿ ಬೆಳೆದವರಿಗೆ ಒಂದೊಂದು ಗೋಡೆಯ ಮುಂದೆಯೂ ನಿಂತು ಪಾತ್ರ ಗುರುತಿಸುವ ಸಂತೋಷಕ್ಕೆ ಬೆಲೆ ಕಟ್ಟಲಾಗದು. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುವಾಗಲೇ ಹೋಗಿ, ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ತೊಡಿ. ‘ಇಂದು ಅರಮನೆ ಮುಚ್ಚಿದೆ, ಬನ್ನಿ ಬೇರೆ ಕಡೆ ತೋರಿಸುತ್ತೇನೆ’ ಎನ್ನುವ ಟುಕ್‌ಟುಕ್ ಚಾಲಕನ ಮಾತು ನಂಬಿದರೆ ರತ್ನದ ಅಂಗಡಿಯಲ್ಲಿ ಇಳಿಯುತ್ತೀರಿ. ವಾಟ್ ಅರುಣ್ ಗೋಪುರ ನದಿಯ ಈಚೆ ದಡದಿಂದ ಸಂಜೆ ಬೆಳಕಿನಲ್ಲಿ ಕಾಸಿಲ್ಲದೆ ಕಾಣುತ್ತದೆ.

ಹಣದ ವಿಷಯ. ಅಲ್ಲಿನ ಎಟಿಎಂ ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕೂ ಹೆಚ್ಚು ಶುಲ್ಕ ಹಿಡಿಯುತ್ತದೆ, ನಿಮ್ಮ ಬ್ಯಾಂಕಿನದು ಬೇರೆ. ಸ್ವಲ್ಪ ಸ್ವಲ್ಪ ತೆಗೆಯುವ ಅಭ್ಯಾಸ ಬಿಡಿ. ಸುವರ್ಣಭೂಮಿಯಲ್ಲಿ ಹೊರಬರುವ ಮಹಡಿಯ ಕೌಂಟರುಗಳಿಗಿಂತ ಕೆಳಗೆ, ರೈಲು ಹತ್ತುವ ನೆಲಮಾಳಿಗೆಯ ಕೌಂಟರುಗಳಲ್ಲಿ ದರ ಒಳ್ಳೆಯದಿರುತ್ತದೆ. ನೀಲಿ ಮಾರ್ಗದ ಗೇಟಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ತಾಗಿಸಿಯೇ ಹೋಗಬಹುದು. ಸ್ಕೈಟ್ರೈನಿನ ಕಾರ್ಡು, ಟಿಕೆಟು ಬೇರೆ, ಒಂದರದ್ದು ಇನ್ನೊಂದರಲ್ಲಿ ನಡೆಯುವುದಿಲ್ಲ. ದೇಶ ಪ್ರವೇಶಿಸುವವರು ತುಂಬಬೇಕಾದ ಡಿಜಿಟಲ್ ಆಗಮನ ಕಾರ್ಡ್ 2025ರ ಮೇ 1ರಿಂದ ಕಡ್ಡಾಯ. ಅದು ಪೂರ್ತಿ ಉಚಿತ, ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ. ವೀಸಾ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಕೊಳ್ಳುವ ಮೊದಲು ಥಾಯ್ ರಾಯಭಾರ ಕಚೇರಿಯ ಜಾಲತಾಣವನ್ನೇ ನೋಡಿ.

ಹಾಗಾದರೆ ಯಾರು ಎಲ್ಲಿ?

ಒಬ್ಬರೇ ಹೊರಟ ಯುವಕರು ದಿನಕ್ಕೆ ಎಂಟುನೂರು, ಒಂಬೈನೂರು ಬಾತಿನಲ್ಲಿ ಮುಗಿಸಬೇಕೆಂದಿದ್ದರೆ ಸಾಮ್ ಸೇನ್: ಹಾಸಿಗೆ 300, ಊಟ 300, ದೋಣಿ ಬಸ್ಸು 100, ಮಿಕ್ಕಿದ್ದು ಒಂದು ಪ್ರವೇಶ ಶುಲ್ಕದ ಕಡೆಗೆ. ಇಬ್ಬರು ಹೊರಟಿದ್ದು, ಹಳೆಯದನ್ನೂ ಹೊಸದನ್ನೂ ನೋಡುವ ಆಸೆಯಿದ್ದರೆ ಎರಡನೇ ಯೋಚನೆ ಬೇಡ, ಸಾಮ್ ಯೋಟ್ ಅಥವಾ ವಾಟ್ ಮಂಗ್ಕೋನ್ ನಿಲ್ದಾಣದ ಸುತ್ತ ಕಿಟಕಿ ಇರುವ ಎಸಿ ಕೊಠಡಿ. ಡಿಸೆಂಬರ್, ಜನವರಿಯಲ್ಲಿ ಫ್ಯಾನ್ ಕೊಠಡಿಯೂ ಸಾಕು, ಏಪ್ರಿಲಿನಲ್ಲಿ ಆ ಸಾಹಸ ಬೇಡ. ಹಿರಿಯರು, ಮಕ್ಕಳು ಜೊತೆಗಿದ್ದರೆ ಪ್ರತುನಾಮ್. ಒಂಟಿಯಾಗಿ ಹೊರಟ ಮಹಿಳೆಗೆ, ಗದ್ದಲ ಒಲ್ಲದವರಿಗೆ ಸಿಲೋಮಿನ ಗುಡಿಯ ಭಾಗ. ಹಳೆಯ ರಾಜಧಾನಿ ಅಯುತ್ತಯಾಕ್ಕೂ ಹೋಗುವ ಯೋಚನೆಯಿದ್ದರೆ ಯಾವೊರಾಟಿಗೆ ಇನ್ನೊಂದು ಅಂಕ ಸೇರಿಸಿ. ದೂರದ ರೈಲುಗಳಲ್ಲಿ ಹೆಚ್ಚಿನವು 2023ರ ಜನವರಿಯಿಂದ ಹೊಸ ನಿಲ್ದಾಣಕ್ಕೆ ಹೋಗಿದ್ದರೂ, ಇಪ್ಪತ್ತು ಬಾತಿನ ಆಸುಪಾಸಿನ ಮೂರನೇ ದರ್ಜೆಯ ಸಾಮಾನ್ಯ ರೈಲು ಯಾವೊರಾಟಿನ ಪಕ್ಕದ ಹಳೆಯ ನಿಲ್ದಾಣ ಹುವಾ ಲಂಫೋಂಗ್‌ನಿಂದಲೇ ಹೊರಡುತ್ತದೆ.

ಬೆಂಗಳೂರಿನಿಂದ ನೇರ ವಿಮಾನ ಹಿಡಿಯುವವರಿಗೆ ಕೊನೆಯದೊಂದು ಲೆಕ್ಕ. ನಡುರಾತ್ರಿ ಹೊರಟ ವಿಮಾನ ನಾಲ್ಕು ಗಂಟೆಯಲ್ಲಿ ಅಲ್ಲಿಗೆ ಮುಟ್ಟುತ್ತದೆ, ಗಡಿಯಾರ ಒಂದೂವರೆ ಗಂಟೆ ಮುಂದಿರುತ್ತದೆ, ತಪಾಸಣೆ ಮುಗಿಸಿ ಹೊರಬರುವಾಗ ರೈಲಿನ ಓಡಾಟ ಶುರುವಾಗಿರುತ್ತದೆ. ಆದರೆ ಕೊಠಡಿ ಸಿಗುವುದು ಮಧ್ಯಾಹ್ನ ಎರಡಕ್ಕೆ. ಬೇಗ ಬಿಡಿಸಿಕೊಳ್ಳಲು ಅರ್ಧ ದಿನದ ಬಾಡಿಗೆ ಕೊಡಬೇಡಿ. ಚೀಲವನ್ನು ಕೌಂಟರಿನಲ್ಲಿಟ್ಟು, ಮುಖ ತೊಳೆದುಕೊಂಡು, ಹತ್ತಿರದ ದೇವಾಲಯಕ್ಕೋ ಪಾಕ್ ಖ್ಲೋಂಗ್ ಹೂವಿನ ಮಾರುಕಟ್ಟೆಗೋ ಹೊರಡಿ. ಬೆಳಗಿನ ಆ ಹೊತ್ತಿನಲ್ಲಿ ಬಿಸಿಲೂ ಕಡಿಮೆ, ಜನವೂ ಕಡಿಮೆ. ಚೀಲ ಇಟ್ಟುಕೊಳ್ಳಲು ಹಣ ಕೇಳುವುದಿಲ್ಲವೆಂದು ಬುಕ್ ಮಾಡುವ ಮೊದಲೇ ಒಂದು ಸಂದೇಶ ಕಳಿಸಿ ಖಚಿತಪಡಿಸಿಕೊಳ್ಳಿ.